ಗಡ್ಡಿ ಸಾಲಿಯ ಅಕ್ಟೋಬರ್

"ಯಾರ ಕಡೆಯಿಂದಲೋ ಮಕ್ಕಳ ಗಲಾಟೆ ಕೇಳಿಸ್ತಿದೆ, ದಯವಿಟ್ಟು ಮ್ಯೂಟ್ ಮಾಡ್ಕೊಳ್ಳಿ" ಅಂತ ಮ್ಯಾನೇಜರ್ ಎರಡನೇ ಸಲ ಹೇಳಿದಾಗಲೇ ಅದು ನನ್ನ ಕಡೆಯದು ಅಂತ ಹೊಳೆದದ್ದು. 2020ರ ಸೆಪ್ಟೆಂಬರ್ ಕೊನೆ. ಬೆಳಿಗ್ಗೆ ಹತ್ತೂವರೆಯ ಸ್ಟ್ಯಾಂಡಪ್ ಮೀಟಿಂಗು. ನಾನು ನಮ್ಮ ಮನೆ ಮಾಳಿಗೆ ಮೇಲೆ, ಸಿಗ್ನಲ್ ಎರಡು ಕಡ್ಡಿ ಬರೋ ಒಂದೇ ಒಂದು ಮೂಲೆಯಲ್ಲಿ, ಬಿಸಿಲಿಗೆ ಛತ್ರಿ ಕಟ್ಕೊಂಡು ಕೂತಿದ್ದೆ. ಕೆಳಗೆ ಬೇವಿನ ಗಿಡದ ಕಟ್ಟೆ ಮೇಲೆ ಹದಿನೈದಿಪ್ಪತ್ತು ಹುಡುಗರು ಮಗ್ಗಿ ಹೇಳ್ತಿದ್ದರು. ಹದಿಮೂರರ ಮಗ್ಗಿ. ಏಳಕ್ಕೆ ಬಂದು ಗಾಡಿ ನಿಂತಿತ್ತು. ಹದಿಮೂರೇಳ್ಲಿ... ಹದಿಮೂರೇಳ್ಲಿ... ಅಂತ ಒಂದೇ ರಾಗ. ಅಷ್ಟರಲ್ಲಿ ಚಾಟ್‌ನಲ್ಲಿ ದಾವಣಗೆರೆ ಕಡೆಯ ಸಹೋದ್ಯೋಗಿಯ ಮೆಸೇಜು ಬಂತು: "ತೊಂಬತ್ತೊಂದು ಅಂತ ಹೇಳೋ ಮಾರಾಯ ಅವ್ರಿಗೆ, ನನಗೆ ತಡ್ಕೊಳ್ಳಕ್ಕಾಗ್ತಿಲ್ಲ."

ನನ್ನೂರು ವಿರೂಪಾಪುರಗಡ್ಡೆ. ನಮ್ಮ ಬಾಯಲ್ಲಿ ಬರೀ 'ಗಡ್ಡಿ'. ಇದನ್ನು ಓದ್ತಿರೋ ನಿಮ್ಮಲ್ಲಿ ಅರ್ಧದಷ್ಟು ಜನ ಯಾವುದೋ ಲಾಂಗ್ ವೀಕೆಂಡಿಗೆ ಅಲ್ಲಿಗೆ ಬಂದು ಹೋಗಿರ್ತೀರಿ. ಹಂಪಿ ವಿರೂಪಾಕ್ಷ ಗುಡಿ ಹಿಂದೆ ಹೊಳೆ ದಾಟಿದರೆ ಸಿಗೋ 'ಹಿಪ್ಪಿ ಐಲ್ಯಾಂಡ್' ಅದೇ. ಮೊಪೆಡ್ ಬಾಡಿಗೆಗೆ ತಗೊಂಡು ಸಣಾಪುರ ಕೆರೆಗೆ ಹೋಗಿ, ಹರಿಗೋಲಲ್ಲಿ ಗಿರಗಿರ ತಿರುಗಿ, ಬಂಡೆ ಮೇಲೆ ಸೂರ್ಯಾಸ್ತದ ಫೋಟೋ ತೆಗೆದು ವಾಪಸ್ ಬಂದಿರ್ತೀರಿ. ನಾನು ಬೆಂಗಳೂರಿಗೆ ಬಂದ ಹೊಸತರಲ್ಲಿ ಟೀಮಿನ ಹುಡುಗಿಯೊಬ್ಬಳು ನಮ್ಮೂರ ಹೆಸರು ಕೇಳಿ ಅಚ್ಚರಿಯಿಂದ, "ಅಲ್ಲಿ ಜನ ಬೇರೆ ಇರ್ತಾರಾ?" ಅಂದಿದ್ದಳು. ಇರ್ತಾರೆ. ಭತ್ತ ಬೆಳೀತಾರೆ, ಬಾಳೆ ಬೆಳೀತಾರೆ, ಮಕ್ಕಳನ್ನ ಸಾಲಿಗೆ ಕಳಿಸ್ತಾರೆ.

ಕಳಿಸೋದು ಅಷ್ಟು ಸಲೀಸಲ್ಲ ಅನ್ನೋದೇ ಈ ಬರಹದ ವಿಷಯ.

ಆ ವರ್ಷ ಊರಿಗೆ ಎರಡು ಏಟು ಒಟ್ಟಿಗೇ ಬಿದ್ದಿದ್ದವು. ಹಂಪಿ ಸಂರಕ್ಷಿತ ಪ್ರದೇಶದಲ್ಲಿ ಕಟ್ಟಿದ ರೆಸಾರ್ಟುಗಳು ಅಕ್ರಮ ಅಂತ ಹೈಕೋರ್ಟು 2015ರಲ್ಲಿ ಹೇಳಿದ್ದನ್ನ ಸುಪ್ರೀಂ ಕೋರ್ಟು 2020ರ ಫೆಬ್ರವರಿಯಲ್ಲಿ ಎತ್ತಿ ಹಿಡೀತು. ಮಾರ್ಚ್ ಮೊದಲ ವಾರ ಜೆಸಿಬಿಗಳು ಬಂದವು. ಕೋರ್ಟು ಹೇಳಿದ್ದು ತಪ್ಪು ಅಂತ ನಾನು ವಾದ ಮಾಡಲ್ಲ. ಭತ್ತದ ಗದ್ದೆಯೊಳಗೆ ಕಾಂಕ್ರೀಟು ಬಿದ್ದದ್ದನ್ನ ನಾನೂ ಕಂಡವನೇ. ಆದರೆ ಆ ರೆಸಾರ್ಟುಗಳಲ್ಲಿ ಪಾತ್ರೆ ತೊಳೀತಿದ್ದವರು, ಹಾಸಿಗೆ ಝಾಡಿಸ್ತಿದ್ದವರು, ಹೀಬ್ರೂ ಅಕ್ಷರದ ಬೋರ್ಡಿನ ಕೆಳಗೆ ನಿಂತು ಇಸ್ರೇಲಿನ ತಿಂಡಿ ಮಾಡೋದು ಕಲಿತಿದ್ದವರು, ಎಲ್ಲರೂ ಸುತ್ತಲಿನ ಹಳ್ಳಿಯವರೇ. ಮೂರು ವಾರದೊಳಗೆ ಲಾಕ್‌ಡೌನು. ಪಾತ್ರೆ ತೊಳೆಯೋಕೆ ಬೇರೆ ಊರಿಗೆ ಹೋಗೋ ದಾರಿಯೂ ಬಂದಾಯಿತು. ನಾನು ಒಂದು ಲ್ಯಾಪ್‌ಟಾಪು, ಎರಡು ಜೊತೆ ಬಟ್ಟೆ ಹಿಡಿದು ಹದಿನೈದು ದಿನಕ್ಕೆ ಅಂತ ಊರಿಗೆ ಬಂದವನು ಹದಿನಾಲ್ಕು ತಿಂಗಳು ಉಳಿದೆ.

ಸಾಲಿ ಮುಚ್ಚಿತ್ತು. ಆಗಸ್ಟಿನಲ್ಲಿ ಸರ್ಕಾರ 'ವಿದ್ಯಾಗಮ' ಶುರು ಮಾಡ್ತು, ನೆನಪಿರಬಹುದು. ಮಕ್ಕಳು ಸಾಲಿಗೆ ಬರೋದು ಬೇಡ, ಮಾಸ್ತರೇ ಓಣಿಗೆ ಹೋಗಿ ಗುಡಿ ಪಡಸಾಲೆಯಲ್ಲೋ ಗಿಡದ ಕೆಳಗೋ ಇಪ್ಪತ್ತಿಪ್ಪತ್ತು ಮಂದಿಯ ಗುಂಪು ಮಾಡಿ ಕಲಿಸೋದು. ಬೇರೆ ಬೇರೆ ಸಾಲಿಗೆ ಹೋಗೋ ಹುಡುಗರೂ ಒಂದೇ ಕಟ್ಟೆಗೆ. ಒಂದನೇತ್ತದಿಂದ ಏಳನೇತ್ತದವರೆಗೆ ಎಲ್ಲರೂ ನಮ್ಮ ಮನೆ ಮುಂದಿನ ಬೇವಿನ ಗಿಡದ ಕೆಳಗೇ. ಮಾಸ್ತರಿಗೆ ಇಂಥ ಮೂರು ಕಟ್ಟೆ. ಅವರು ಒಂದು ಕಡೆ ಇದ್ದಾಗ ಉಳಿದೆರಡು ಕಟ್ಟೆ ದೇವರ ಮೇಲೆ. ಹಾಗಾಗಿ ನಮ್ಮ ಕಟ್ಟೆಯನ್ನ ನಡೆಸ್ತಿದ್ದದ್ದು ಏಳನೇತ್ತದ ಒಬ್ಬ ಹುಡುಗಿ. ಹೆಸರು ಬರೆಯಲ್ಲ. ಹುಡುಗರೆಲ್ಲ 'ಲೀಡರ್' ಅಂತಿದ್ದರು, ನಾನೂ ಹಾಗೇ ಅಂತೀನಿ. ಬಾರಕೋಲಿನಷ್ಟು ಉದ್ದದ ಒಂದು ಕಡ್ಡಿ ಹಿಡಿದು ನಿಂತರೆ ಮುಗೀತು. ಒಂದನೇತ್ತದವರಿಗೆ ಕಲ್ಲುಹರಳಿನಲ್ಲಿ ಅಕ್ಷರ ಜೋಡಿಸೋ ಕೆಲಸ, ಮೂರನೇತ್ತದವರಿಗೆ ಕಾಪಿ ಬರೆಯೋದು, ಐದನೇತ್ತದವರಿಗೆ ಮಗ್ಗಿ. ನಮ್ಮ ಆಫೀಸಿನಲ್ಲಿ ಇದಕ್ಕೆ ರಿಸೋರ್ಸ್ ಅಲೊಕೇಷನ್ ಅಂತಾರೆ, ಅದನ್ನ ಕಲಿಸೋಕೆ ಎರಡು ದಿನ ಟ್ರೈನಿಂಗು ಕೊಡ್ತಾರೆ.

ಸಂಜೆ ನಾನೂ ಕೆಳಗಿಳಿದು ಹೋಗಿ ಗಣಿತ ಹೇಳಿಕೊಡೋಕೆ ಶುರು ಮಾಡಿದೆ. ಸಮಾಜಸೇವೆ ಏನಲ್ಲ. ಹತ್ತು ತಾಸು ಮಾಳಿಗೆ ಮೇಲೆ ಒಬ್ಬನೇ ಕೂತರೆ ತಲೆ ಕೆಡೋದು, ಅದಕ್ಕೆ.

ಆ ಕಟ್ಟೆ ನೋಡಿ ನನಗೆ ನನ್ನ ಸಾಲಿಯ ಅಕ್ಟೋಬರ್ ನೆನಪಾಗ್ತಿತ್ತು. ಹೊರದೇಶದ ಸಿನಿಮಾಗಳಲ್ಲಿ ಈ ಕಾಲಕ್ಕೆ ಎಲೆ ಕೆಂಪಾಗಿ ಉದುರ್ತಾವೆ, ಮಕ್ಕಳು ಕುಂಬಳಕಾಯಿ ಕೆತ್ತುತಾವೆ. ನಮ್ಮ ಕಡೆ ಎಲೆ ಉದುರಲ್ಲ. ಮಳೆ ಹಿಂದೆ ಸರಿದು, ಹೊಳೆ ಕೆಂಪು ಬಣ್ಣ ಬಿಟ್ಟು ಹಸಿರಾಗ್ತದೆ. ಡ್ಯಾಮಿನ ಗೇಟು ಮುಚ್ಚಿದರು ಅನ್ನೋ ಸುದ್ದಿ ಬರ್ತದೆ. ತಿಂಗಳುಗಟ್ಟಲೆ ದಂಡೆಗೆ ಕಟ್ಟಿದ್ದ ದೋಣಿ ಬಿಚ್ತಾರೆ. ಭತ್ತ ಕಾಳು ಕಟ್ಟೋಕೆ ಶುರುವಾಗಿ ಇಡೀ ಗಡ್ಡಿ ಹಾಲಿನ ವಾಸನೆ ಬರ್ತದೆ. ಹೊಳೆಯಾಚೆಯಿಂದ ಮೊದಲ ಫಾರಿನ್‌ನವನು ಬೆನ್ನಿಗೆ ಚೀಲ ಹಾಕ್ಕೊಂಡು ಇಳೀತಾನೆ. ಅಲ್ಲಿಗೆ 'ಸೀಜನ್' ಬಂತು ಅಂತ ಅರ್ಥ.

ಸಾಲಿಗೂ ಅದೇ ಸೀಜನ್. ಆದರೆ ನಮ್ಮದು ಸೆಪ್ಟೆಂಬರ್ 17ರಿಂದಲೇ ಶುರು. 1948ರಲ್ಲಿ ಅವತ್ತು ಹೈದರಾಬಾದಿನ ನಿಜಾಮ ಶರಣಾದ. ಹೊಳೆ ಈಚೆ ನಾವು ನಿಜಾಮನ ಕಡೆ, ಆಚೆ ಹಂಪಿ ಬಳ್ಳಾರಿ ಜಿಲ್ಲೆ, ಮದ್ರಾಸ್ ಪ್ರಾಂತ್ಯ. ಕೂಗಿದರೆ ಕೇಳಿಸೋ ಅಷ್ಟು ದೂರದಲ್ಲಿ ಬೇರೆ ಸರ್ಕಾರ! ಆಚೆ ದಂಡೆಗೆ 1947ರ ಆಗಸ್ಟಿನಲ್ಲೇ ಸ್ವಾತಂತ್ರ್ಯ ಬಂತು, ಈಚೆ ದಂಡೆಗೆ ದೋಣಿ ಸಿಗದೆ ಹದಿಮೂರು ತಿಂಗಳು ತಡವಾಯ್ತು ಅಂತ ನಮ್ಮಜ್ಜ ತಮಾಷೆ ಮಾಡೋರು. ರಜಾಕಾರರ ಹಾವಳಿ ಹೆಚ್ಚಾದಾಗ ಮನೆಮಂದಿಯೆಲ್ಲ ಹರಿಗೋಲು ಹತ್ತಿ ಆಚೆ ಹೋಗಿ ಗುಡಿ ಮಂಟಪದಲ್ಲಿ ಮಲಗ್ತಿದ್ದರಂತೆ. ಆಗಿನ್ನೂ ಡ್ಯಾಮು ಕಟ್ಟಿರಲಿಲ್ಲ. "ಹೊಳಿ ತುಂಬಿತ್ತಂದ್ರ ಈಚೀಗೆ ರಜಾಕಾರ, ಆಚೀಗೆ ಮಡುವು, ಎರಡರಾಗ ಯಾವ್ದು ಕಮ್ಮಿ ಅಂತ ನೋಡ್ತಿದ್ವಿ" ಅನ್ನೋರು.

ಆಮೇಲೆ ಗಾಂಧಿ ಜಯಂತಿ. ಗಾಂಧಿ ಜಯಂತಿ ಅಂದರೆ ನಮಗೆ ಜಾಲಿ ಮುಳ್ಳು. ಮಳೆಗಾಲದಲ್ಲಿ ಮೈದಾನದ ತುಂಬಾ ಹುಟ್ಟಿದ ಜಾಲಿಗಿಡ ಕಡಿಯೋದು, ಕಟ್ಟಿ ಎಳೆದು ಬದುವಿಗೆ ಹಾಕೋದು. ಮುಳ್ಳು ಚುಚ್ಚಿಸಿಕೊಂಡು ಕುಂಟ್ತಾ ಮನೆಗೆ ಬಂದರೆ ಅವ್ವ, "ಗಾಂಧಿ ಅಜ್ಜ ಬರಿಗಾಲಾಗ ಹೋಗಂದಿದ್ನೇನು?" ಅಂತ ಬೈಯೋಳು. ಅದಾದ ಮೇಲೆ ಅರ್ಧವಾರ್ಷಿಕ ಪರೀಕ್ಷೆ. ಪರೀಕ್ಷೆ ಮುಗಿದ ದಿನ ಸರಸ್ವತಿ ಪೂಜೆ. ಸಾಲಿಗೆ ಬಾಳೆಕಂಬ ಕಟ್ಟೋಕೆ ಗಡ್ಡಿಯಲ್ಲಿ ಬಾಳೆಗೇನು ಬರ, ಯಾರ ತೋಟದಿಂದ ತಂದೆವು ಅಂತ ಮಾತ್ರ ಯಾರೂ ಕೇಳ್ತಿರಲಿಲ್ಲ. ಎಲ್ಲರೂ ತಮ್ಮ ತಮ್ಮ ಪುಸ್ತಕ ದೇವರ ಮುಂದಿಡಬೇಕು. ಗಣಿತದಲ್ಲಿ ನಪಾಸಾಗೋರು ಗಣಿತದ್ದೇ ಇಡೋರು. ನಾನು ಇಂಗ್ಲಿಷ್ ಇಟ್ಟಿದ್ದೆ. ದೇವಿ ಕೃಪೆ ಅರ್ಧಂಬರ್ಧ ಆಗಿದೆ, ಇವತ್ತಿಗೂ ಕ್ಲೈಂಟ್ ಕಾಲ್‌ನಲ್ಲಿ ಎರಡನೇ ವಾಕ್ಯಕ್ಕೆ ತೊದಲ್ತೀನಿ.

ದಸರೆ ರಜೆ ಮುಂಚೆ ಒಂದು ದಿನ ಮಾಸ್ತರು ನಮ್ಮನ್ನ ದೋಣಿ ಹತ್ತಿಸಿ ಹಂಪಿಗೆ ಕರ್ಕೊಂಡು ಹೋಗೋರು. ಬೇರೆ ಊರಿನ ಸಾಲಿಯವರು ಬಸ್ ಮಾಡ್ಕೊಂಡು ಇನ್ನೂರು ಮುನ್ನೂರು ಕಿಲೋಮೀಟರ್ ದೂರದಿಂದ ಬರೋ ಜಾಗಕ್ಕೆ ನಾವು ಬುತ್ತಿ ಗಂಟು ಹಿಡಿದು ನಡೆದು ಹೋಗ್ತಿದ್ದೆವು. ಮಹಾನವಮಿ ದಿಬ್ಬದ ಮೇಲೆ ಕೂಡಿಸಿ ಮಾಸ್ತರು ಹೇಳೋರು. 1443ರಲ್ಲಿ ಪರ್ಶಿಯಾದ ಅಬ್ದುಲ್ ರಜಾಕ್ ಬಂದು ಇಲ್ಲಿನ ಮಹಾನವಮಿ ನೋಡಿ ಬೆರಗಾದ, 1520ರ ಸುಮಾರಿಗೆ ಪೋರ್ಚುಗಲ್ಲಿನ ಡೊಮಿಂಗೊ ಪಾಯಸ್ ಬಂದು ಒಂಬತ್ತು ದಿನದ ಆನೆ, ಕುದುರೆ, ಕುಸ್ತಿ, ಕುಣಿತ ಎಲ್ಲ ಬರೆದಿಟ್ಟ ಅಂತ. ಆ ಪಾಯಸ್ ನಮ್ಮ ಆನೆಗೊಂದಿ ಕಡೆ ಹೊಳೆ ದಾಟೋ ಹರಿಗೋಲನ್ನೂ ಬಿಟ್ಟಿಲ್ಲ. ಬುಟ್ಟಿಯಂಗ ದುಂಡಗೆ ಇರ್ತವೆ, ಹೊರಗೆ ಚರ್ಮ ಹೊದಿಸಿರ್ತಾರೆ ಅಂತ ಬರೆದಿದ್ದಾನೆ. ಚರ್ಮದ ಜಾಗದಲ್ಲಿ ಈಗ ಪ್ಲಾಸ್ಟಿಕ್ ಹಾಳೆ, ಡಾಂಬರು. ಉಳಿದದ್ದೆಲ್ಲ ಹಾಗೇ ಇದೆ. "ನೀವು ದಿನಾ ಹತ್ತೋ ಹರಗೋಲು ಪರದೇಶದ ಪುಸ್ತಕದಾಗ ಐತ್ರಲೇ" ಅಂದಾಗ ನಮಗೆಲ್ಲ ಎದೆ ಉಬ್ಬಿತ್ತು. ಹರಿಗೋಲು ನಡೆಸೋನ ಮಗ ಮಾತ್ರ, "ನಮ್ಮಪ್ಪನ ಹೆಸರು ಐತೇನ್ರಿ ಸರ ಅದರಾಗ?" ಅಂತ ಕೇಳಿದ್ದ.

ನಾನು ಐದನೇತ್ತದಲ್ಲಿದ್ದಾಗ, 1997ರಲ್ಲಿ, ಕೊಪ್ಪಳ ಬೇರೆ ಜಿಲ್ಲೆಯಾಯಿತು. 'ನಮ್ಮ ಜಿಲ್ಲೆ ರಾಯಚೂರು' ಅಂತ ಬಾಯಿಪಾಠ ಮಾಡಿದ್ದ ಪ್ರಬಂಧ ಒಂದೇ ಏಟಿಗೆ ನಿಕಾಲಿ ಆಯ್ತು. ಆ ವರ್ಷದ ರಾಜ್ಯೋತ್ಸವಕ್ಕೆ ಮಾಸ್ತರು ಹಳೇ ನಕಾಶೆ ಮೇಲೆ ಕೆಂಪು ಪೆನ್ನಿನಲ್ಲಿ ಗೆರೆ ಕೊರೆದು, "ಇದು ಈಗ ನಾವು" ಅಂದರು. ಇನ್ನೊಂದು ಗೆರೆಯೂ ನೆನಪಿದೆ. ಗಡ್ಡಿಯಿಂದ ಹಂಪಿಗೆ ಕಾಲುಸೇತುವೆ ಕಟ್ತಿದ್ದರು. ಅದು ಮುಗಿದರೆ ಮಳೆಗಾಲದಲ್ಲೂ ಆಚೆ ಹೈಸ್ಕೂಲಿಗೆ ನಡಕೊಂಡೇ ಹೋಗಬಹುದು ಅಂತ ನಾವೆಲ್ಲ ಕಾಯ್ತಿದ್ದೆವು. 1999ರಲ್ಲಿ ಯುನೆಸ್ಕೊ ಹಂಪಿಯನ್ನ 'ಅಪಾಯದಲ್ಲಿರುವ ಪಾರಂಪರಿಕ ತಾಣ'ಗಳ ಪಟ್ಟಿಗೆ ಹಾಕಿತು. ಕಾರಣ ಆನೆಗೊಂದಿಯ ಸೇತುವೆ ಮತ್ತು ನಮ್ಮ ಈ ಕಾಲುಸೇತುವೆ. ಕಟ್ಟಿದ್ದನ್ನ ಬಿಚ್ಚಿದರು. 2006ರಲ್ಲಿ ಹಂಪಿ ಅಪಾಯದ ಪಟ್ಟಿಯಿಂದ ಹೊರಗೆ ಬಂತು. ಪೇಪರಿನಲ್ಲಿ ಓದಿ ನನಗೆ ನಿಜವಾಗಿಯೂ ಖುಷಿಯಾಗಿತ್ತು, ಆಗ ನಾನು ಬಳ್ಳಾರಿಯಲ್ಲಿ ಬಿಇ ಓದ್ತಿದ್ದೆ. ನನ್ನ ಜೊತೆ ಏಳನೇತ್ತ ಮುಗಿಸಿದ ಮೂವರು ಹುಡುಗಿಯರು ಮಾತ್ರ ಹೊಳೆ ದಾಟಿರಲಿಲ್ಲ. ಸೇತುವೆ ಇದ್ದಿದ್ರೆ ದಾಟ್ತಿದ್ದರಾ? ಗೊತ್ತಿಲ್ಲ. ಎಲ್ಲವನ್ನೂ ಸೇತುವೆ ಮೇಲೆ ಹಾಕೋದು ಸುಲಭ.

ಇರಲಿ, 2020ಕ್ಕೆ ಬರ್ತೀನಿ. ಅಕ್ಟೋಬರ್ ಎರಡನೇ ವಾರ ವಿದ್ಯಾಗಮ ನಿಂತಿತು. ಅಲ್ಲಲ್ಲಿ ಮಾಸ್ತರುಗಳಿಗೂ ಮಕ್ಕಳಿಗೂ ಕೊರೋನಾ ಬರ್ತಿದೆ ಅಂತ ಗಲಾಟೆಯಾಗಿ ಸರ್ಕಾರ ನಿಲ್ಲಿಸಿತು, 12ರಿಂದ 30ರವರೆಗೆ ದಸರೆ ರಜೆ ಅಂತ ಘೋಷಿಸಿತು. ಮರುದಿನ ಕಟ್ಟೆಗೆ ಬಂದದ್ದು ಏಳು ಜನ. ಅದರ ಮರುದಿನ ನಾಲ್ಕು. ನಾಲ್ವರಲ್ಲಿ ಲೀಡರ್ ಇರಲಿಲ್ಲ. ಅವಳ ತಮ್ಮ, ಎರಡನೇತ್ತದವನು, ಮೂಗು ಒರೆಸ್ಕೊಂತ ಹೇಳಿದ: "ಅಕ್ಕ ಕ್ರಾಸಿಂಗಿಗೆ ಹೋಗ್ಯಾಳ್ರಿ."

ಕ್ರಾಸಿಂಗ್ ಅಂದರೆ ಬೆಂಗಳೂರಿನವರಿಗೆ ಸಿಗ್ನಲ್ ನೆನಪಾಗ್ತದೆ. ನಮ್ಮ ಜಿಲ್ಲೆಯಲ್ಲಿ ಅದು ಹತ್ತಿ. ಕುಷ್ಟಗಿ, ಯಲಬುರ್ಗಾ ಕಡೆ ಮಡ್ಡಿ ಹೊಲಗಳಲ್ಲಿ ಹೈಬ್ರಿಡ್ ಹತ್ತಿ ಬೀಜ ತಯಾರಿಸ್ತಾರೆ. ಹೆಣ್ಣು ಸಾಲು ಬೇರೆ, ಗಂಡು ಸಾಲು ಬೇರೆ. ಮಧ್ಯಾಹ್ನದ ಮೇಲೆ ಹೆಣ್ಣು ಸಾಲಿನಲ್ಲಿ ನಾಳೆ ಅರಳಬೇಕಾದ ಮೊಗ್ಗು ಹುಡುಕಿ, ಹೆಬ್ಬೆರಳಿನ ಉಗುರಿನಿಂದ ಸುತ್ತಲೂ ಗೀರಿ, ಎಸಳಿನ ಜೊತೆ ಕೇಸರವನ್ನೂ ಟೊಪ್ಪಿಗೆ ತೆಗೆದ ಹಾಗೆ ತೆಗೀಬೇಕು. ಒಳಗಿನ ಶಲಾಕೆಗೆ ಉಗುರು ತಾಗಿದರೆ ಕಾಯಿ ಕಟ್ಟಲ್ಲ. ಗುರುತಿಗೆ ಕೆಂಪು ಕಾಗದ. ಮಾರನೇ ದಿನ ಬೆಳಿಗ್ಗೆ ಗಂಡು ಹೂವು ಕಿತ್ತು ತಂದು ಅದರ ಮೇಲೆ ಸವರಬೇಕು. ಇದು ದಿನಾ, ಎರಡೂವರೆ ತಿಂಗಳು, ಒಂದು ದಿನವೂ ತಪ್ಪದ ಹಾಗೆ. ಸಣ್ಣ ಬೆರಳು, ಬಗ್ಗದೆ ಮೊಗ್ಗಿಗೆ ಸಿಗೋ ಎತ್ತರ, ಕಡಿಮೆ ಕೂಲಿ, ಮೂರೂ ಕೂಡಿದರೆ ಹನ್ನೆರಡು ಹದಿಮೂರು ವರ್ಷದ ಹುಡುಗಿ. ಕಾನೂನು ಇದೆ. ಹದಿನಾಲ್ಕರ ಒಳಗಿನವರನ್ನ ಕೂಲಿಗೆ ಇಟ್ಟುಕೊಳ್ಳೋ ಹಾಗಿಲ್ಲ. ಮೊಗ್ಗಿಗೆ ಕಾನೂನು ಗೊತ್ತಿಲ್ಲ, ಅದು ಸೆಪ್ಟೆಂಬರ್ ಅಕ್ಟೋಬರಿನಲ್ಲೇ ಅರಳ್ತದೆ.

ಮಾಸ್ತರು, ನಾನು ಇಬ್ಬರೂ ಅವರ ಮನೆಗೆ ಹೋದೆವು. ಅವಳ ಅಪ್ಪ ಗಡ್ಡಿಯ ಒಂದು ರೆಸಾರ್ಟಿನಲ್ಲಿ ಏಳು ವರ್ಷ ಅಡುಗೆ ಸಹಾಯಕ. ಈಗ ಹೊಸಪೇಟೆಯಲ್ಲಿ ಹಮಾಲಿ ಮಾಡ್ತೀನಿ ಅಂತ ಹೋದವನು ವಾರಕ್ಕೊಮ್ಮೆ ಬರ್ತಾನೆ. ಅವ್ವ ಪುಂಡಿಪಲ್ಯ ಸೋಸ್ತಾ ಕೂತಿದ್ದಳು. ನಮ್ಮನ್ನ ನೋಡಿ ಸೆರಗು ಸರಿಮಾಡ್ಕೊಂಡು ಚಾಪೆ ಹಾಸಿದಳು. ಬಂದದ್ದು ಯಾಕೆ ಅಂತ ಅವಳಿಗೆ ಗೊತ್ತಿತ್ತು.

"ಸಾಲಿ ಇಲ್ಲಲ್ರಿ ಸರ. ಇದ್ದಿದ್ರ ಕಳಸ್ತಿದ್ದಿಲ್ಲ" ಅಂದಳು.

ಮಾಸ್ತರು ಸುಮ್ಮನಾದರು. ಅದಕ್ಕೆ ಅವರ ಹತ್ತಿರ ಉತ್ತರ ಎಲ್ಲಿಂದ ಬರಬೇಕು. ನಾನೇ ಬಾಯಿ ಹಾಕಿದೆ. "ಅಕ್ಕಾರ, ಮುಂಗಡ ಎಷ್ಟು ತಗೊಂಡೀರಿ?"

"ಎಂಟು ಸಾವಿರ."

"ನಾ ಕೊಡ್ತೀನ್ರಿ. ಅವ್ರಿಗೆ ವಾಪಸ್ ಕೊಟ್ಟು ಕರ್ಕೊಂಡು ಬರೋಣು."

ಅವಳು ಪಲ್ಯ ಸೋಸೋದು ನಿಲ್ಲಿಸಲಿಲ್ಲ. "ತಮ್ಮಾ, ಈ ವರ್ಸ ನೀ ಕೊಡ್ತಿ. ಬರೋ ವರ್ಸ ಬೆಂಗ್ಳೂರಾಗ ಇರ್ತಿ. ಅವ ಬರೋ ವರ್ಸಾನೂ ಬಾಗ್ಲಿಗೆ ಬರ್ತಾನ. ಈ ವರ್ಸ ಇಲ್ಲಂದ್ರ ಅವ ಮುಂದ ಮುಂಗಡ ಕೊಡೂದಿಲ್ಲ. ಆವಾಗ ನಿನಗ ಎಲ್ಲಿ ಹುಡುಕ್ಲಿ?"

ಅಷ್ಟು ಹೇಳಿ ಚಹಾ ಇಟ್ಟಳು. ಕುಡಿದು ಬಂದೆವು.

ಆ ಎಂಟು ಸಾವಿರದ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಅದೇ ವಾರ ನಮ್ಮ ಕಂಪನಿ ಮನೆಯಿಂದ ಕೆಲಸ ಮಾಡೋರಿಗೆ ಕುರ್ಚಿ ತಗೊಳ್ಳೋಕೆ ದುಡ್ಡು ಕೊಟ್ಟಿತ್ತು. ನಾನು ಆನ್‌ಲೈನಿನಲ್ಲಿ ಬೆನ್ನಿಗೆ ಆಸರೆ ಇರೋ ಕುರ್ಚಿ ತರಿಸಿದ್ದೆ. ಗಡ್ಡಿಗೆ ಡೆಲಿವರಿ ಇಲ್ಲ, ಗಂಗಾವತಿಗೆ ಹೋಗಿ ಬೈಕಿನ ಹಿಂದೆ ಕಟ್ಕೊಂಡು ಬಂದೆ. ಬಿಲ್ಲು ಎಂಟು ಸಾವಿರದ ನಾಲ್ಕುನೂರು. ರಾತ್ರಿ ಆ ಕುರ್ಚಿ ಮೇಲೆ ಕೂತು, 1098ಕ್ಕೆ ಫೋನ್ ಮಾಡಲೋ ಬೇಡವೋ ಅಂತ ತುಂಬಾ ಹೊತ್ತು ಮೊಬೈಲ್ ನೋಡ್ತಿದ್ದೆ. ಮಾಡಿದರೆ ಜೀಪು ಬರ್ತದೆ, ಹೊಲದಿಂದ ಕರ್ಕೊಂಡು ಬರ್ತಾರೆ. ಹೊಲದವನು ಮುಂಗಡ ಕೇಳ್ತಾನೆ. ಅವ್ವ ನನ್ನ ಮುಖ ನೋಡ್ತಾಳೆ. ಊರೆಲ್ಲ ನೋಡ್ತದೆ. ಮಾಡಲಿಲ್ಲ. ಲೆಕ್ಕ ಹಾಕಿ ಮಾಡಲಿಲ್ಲವೋ, ಅಂಜಿ ಮಾಡಲಿಲ್ಲವೋ, ನಾಲ್ಕು ವರ್ಷ ಆದರೂ ನನಗೆ ಬಗೆಹರಿದಿಲ್ಲ.

ದಸರೆ ಬಂತು. ಬನ್ನಿ ಕೊಟ್ಟು ಬಂಗಾರದಂಗ ಇರೋಣು ಅಂತ ಮಾಸ್ಕ್ ಹಾಕ್ಕೊಂಡೇ ಹೇಳಿದೆವು. ಮನೆ ಮನೆಗೆ ಹೋಗೋದು ಕಮ್ಮಿ ಇತ್ತು. ದೋಣಿ ಇತ್ತು, ಇಳಿಯೋರು ಇರಲಿಲ್ಲ. ಯಾವ ಅಕ್ಟೋಬರಿನಲ್ಲೂ ಗಡ್ಡಿ ಅಷ್ಟು ಸುಮ್ಮನಿದ್ದದ್ದು ನಾನು ಕಂಡಿಲ್ಲ. ಬೇರೆ ವರ್ಷಗಳಲ್ಲಾದರೆ ಈ ಹೊತ್ತಿಗೆ ಕಟ್ಟೆಯ ಅರ್ಧ ಹುಡುಗರು ಸಾಲಿ ತಪ್ಪಿಸಿ ದೋಣಿ ಹತ್ತಿರ ನಿಂತು 'ಶಾಲೋಮ್' ಅಂತ ಫಾರಿನ್‌ನವರ ಬೆನ್ನು ಹತ್ತಿರೋರು. ಅವರಿಗೆ ಹೀಬ್ರೂನಲ್ಲಿ ಹತ್ತರವರೆಗೆ ಎಣಿಸೋಕೆ ಬರ್ತದೆ, ಹದಿಮೂರರ ಮಗ್ಗಿ ಬರಲ್ಲ. ಮಾಸ್ತರು ಮೊದಲೆಲ್ಲ ಸೀಜನ್ನನ್ನ ಬೈತಿದ್ದರು. ಆ ವರ್ಷ ಅವರೇ, "ಸೀಜನ್ ಇದ್ದಿದ್ರ ಹುಡುಗ್ರು ಇಲ್ಲೇ ಕಣ್ಣಮುಂದರ ಇರ್ತಿದ್ವು" ಅಂದರು.

ಅಕ್ಟೋಬರ್ 31ಕ್ಕೆ ಶೀಗಿ ಹುಣ್ಣಿಮೆ. ಹೊಟ್ಟೆಯೊಳಗೆ ಕಾಳು ತುಂಬಿದ ಪೈರಿಗೆ ಬಸುರಿಗೆ ಬಯಕೆ ಮಾಡಿದ ಹಾಗೆ ಮಾಡೋ ಹಬ್ಬ. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಕರ್ಚಿಕಾಯಿ ಕಟ್ಕೊಂಡು ಹೊಲಕ್ಕೆ ಹೋಗಿ ಪೂಜೆ ಮಾಡಿ, ಹೊಲದ ನಾಲ್ಕೂ ಕಡೆ ಚರಗ ಚೆಲ್ಲಿ, ಆಮೇಲೆ ಉಣ್ಣೋದು. ಹೊಲ ಇಲ್ಲದವರನ್ನ ಹೊಲ ಇದ್ದವರು ಕರೀತಾರೆ. ಅವ್ವ ಲೀಡರ್ ಮನೆಯವರನ್ನ ನಮ್ಮ ಗದ್ದೆಗೆ ಕರೆದಿದ್ದಳು. ಹಬ್ಬಕ್ಕೆ ಅಂತ ಅವಳೂ ಒಂದು ದಿನ ಬಂದಿದ್ದಳು.

ಮುಖ ಕಪ್ಪಾಗಿತ್ತು. ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದ ಬಿಟ್ಟಿದ್ದಳು, ಅದರ ಅಂಚು ಹಸಿರು ಕಟ್ಟಿ ಗಟ್ಟಿಯಾಗಿತ್ತು. ನಾನು ಅದನ್ನ ನೋಡೋದು ಕಂಡು ಕೈ ಹಿಂದೆ ಮಾಡಿದಳು. ಏನು ಮಾತಾಡಬೇಕು ತಿಳಿಯದೆ, "ಎಷ್ಟು ಹೂವು ಮಾಡ್ತಿ ದಿನಕ್ಕ?" ಅಂತ ಕೇಳಿಬಿಟ್ಟೆ.

"ಎಣಸೂದಿಲ್ರಿ ಅಣ್ಣಾರ. ಎಣಿಸಿದ್ರ ಮುಗಿಯೂದಿಲ್ಲ."

ಆಮೇಲೆ ತಮ್ಮನ ಕಡೆ ತಿರುಗಿ, "ಹದಿಮೂರರ ಮಗ್ಗಿ ಬಂತೇನ್ಲೇ?" ಅಂದಳು. ಎರಡನೇತ್ತದವನಿಗೆ ಹದಿಮೂರರ ಮಗ್ಗಿ ಯಾಕೆ ಅಂತ ಕೇಳೋ ಧೈರ್ಯ ಅಲ್ಲಿ ಯಾರಿಗೂ ಇರಲಿಲ್ಲ.

ಮಾರನೇ ದಿನ ಭಾನುವಾರ, ರಾಜ್ಯೋತ್ಸವ. ಸಾಲಿಯಲ್ಲಿ ಧ್ವಜ ಏರಿಸಿದ್ದು ಮಾಸ್ತರು, ಎಸ್‌ಡಿಎಂಸಿ ಅಧ್ಯಕ್ಷರು, ಅಡುಗೆಯ ಅಕ್ಕ, ನಾನು, ಮತ್ತೆ ಗೇಟಿನ ಹೊರಗೆ ಆರು ಮಕ್ಕಳು. ಒಳಗೆ ಬಿಡೋ ಹಾಗಿರಲಿಲ್ಲ. ನಾಡಗೀತೆಯನ್ನ ಅವರು ಹೊರಗಿಂದಲೇ ಹಾಡಿದರು. ಮಾಸ್ತರು ಚಾಕೊಲೇಟನ್ನ ಗೇಟಿನ ಸಂದಿಯಿಂದ ಕೊಟ್ಟರು. ಲೀಡರ್ ಬೆಳಗಿನ ಜಾವದ ಗಾಡಿಗೇ ಹೊರಟು ಹೋಗಿದ್ದಳು. ಬೆಳಿಗ್ಗೆ ಗಂಡು ಹೂವು ಕಾಯಲ್ಲವಲ್ಲ.

ಜನವರಿ 1ಕ್ಕೆ ಆರನೇತ್ತದಿಂದ ಮೇಲಿನವರಿಗೆ ಮತ್ತೆ ವಿದ್ಯಾಗಮ ಶುರುವಾಯಿತು, ಈ ಸಲ ಸಾಲಿ ಆವರಣದಲ್ಲೇ. ಲೀಡರ್ ವಾಪಸ್ ಬಂದಳು. ಎಲ್ಲರೂ ಬರೋದಿಲ್ಲ, ಅವಳು ಬಂದಳು. ಅದು ನನ್ನಿಂದಲ್ಲ, ಮಾಸ್ತರು ನಾಲ್ಕು ಸಲ ಮನೆಗೆ ಹೋಗಿದ್ದರು. ನಾನು ಒಂದು ದಿನ ಮೀಟಿಂಗ್ ಇಲ್ಲದ ಹೊತ್ತು ನೋಡಿ ಅಲ್ಲಿಗೆ ಹೋದಾಗ ಹೂವಿನ ಪಾಠ ನಡೀತಿತ್ತು. ಏಳನೇತ್ತದ ವಿಜ್ಞಾನ, ಸಸ್ಯಗಳ ಸಂತಾನೋತ್ಪತ್ತಿ. ಮಾಸ್ತರು ದಾಸವಾಳ ಹಿಡಿದು ಕೇಸರ ಯಾವುದು, ಶಲಾಕೆ ಯಾವುದು ಅಂತ ಕೇಳಿದರು. ಯಾರೂ ಬಾಯಿ ಬಿಡಲಿಲ್ಲ. ಲೀಡರ್ ಎದ್ದು ಬಂದು ಹೂವು ತಗೊಂಡಳು. ಆ ಉದ್ದದ ಉಗುರು ಇನ್ನೂ ಹಾಗೇ ಇತ್ತು. ಎಸಳು ಬಿಡಿಸಿ, ಒಳಗಿನದ್ದಕ್ಕೆ ಒಂಚೂರೂ ತಾಗದ ಹಾಗೆ, ಎರಡೇ ಸೆಕೆಂಡಿನಲ್ಲಿ ಬೇರೆ ಮಾಡಿ ತೋರಿಸಿದಳು.

"ಇದು ಗಂಡು. ಇದರ ಪುಡಿ ಇದಕ್ಕ ಹತ್ತಬೇಕು. ಹೊತ್ತು ಏರಿದ್ರ ಹತ್ತೂದಿಲ್ಲ, ಒಣಗ್ತೈತಿ. ಹತ್ತಿದ್ರ ಈ ಬುಡದಾಗ ಕಾಯಿ. ಇದಕ್ಕ ಉಗುರು ತಾಗಿದ್ರ ಕೂಲಿ ಕಟ್."

ಹುಡುಗರು ನಕ್ಕರು. ಕೊನೆಯ ವಾಕ್ಯ ಪುಸ್ತಕದಲ್ಲಿಲ್ಲ. ಮಾಸ್ತರು ಬೋರ್ಡಿನ ಕಡೆ ತಿರುಗಿ ಬಹಳ ಹೊತ್ತು 'ಪರಾಗಸ್ಪರ್ಶ' ಅಂತ ಬರೆದರು. ಮೂರಕ್ಷರದ ಮೇಲೆ ಎರಡಕ್ಷರ, ಅಷ್ಟು ಹೊತ್ತು ಬೇಕಾಗಿರಲಿಲ್ಲ.

2021ರ ಮೇ ತಿಂಗಳಲ್ಲಿ ನಾನು ಬೆಂಗಳೂರಿಗೆ ವಾಪಸ್ ಬಂದೆ. ಅವ್ವ ಹೇಳಿದ್ದು ಅಕ್ಷರಶಃ ನಿಜವಾಯಿತು. ಮುಂದಿನ ಸೆಪ್ಟೆಂಬರಿನಲ್ಲಿ ನಾನು ಬೆಂಗಳೂರಿನಲ್ಲಿದ್ದೆ, ಅವನು ಬಾಗಿಲಿಗೆ ಬಂದಿದ್ದ. ಎಂಟನೇತ್ತದಲ್ಲೂ ಲೀಡರ್ ಎರಡು ತಿಂಗಳು ಸಾಲಿಗೆ ಹೋಗಲಿಲ್ಲ. ಒಂಬತ್ತರಲ್ಲಿ ಮಾಸ್ತರೂ ಹೈಸ್ಕೂಲಿನ ಒಬ್ಬ ಮೇಡಮ್ಮೋರೂ ಸೇರಿ ಹಾಸ್ಟೆಲಿನಲ್ಲಿ ಸೀಟು ಕೊಡಿಸಿದ ಮೇಲೆ ನಿಂತಿತು. 2024ರಲ್ಲಿ ಎಸ್‌ಎಸ್‌ಎಲ್‌ಸಿ ಪಾಸಾದಳು. ಗಣಿತದಲ್ಲಿ ಅಷ್ಟಕ್ಕಷ್ಟೇ, ವಿಜ್ಞಾನದಲ್ಲಿ ಎಂಬತ್ತರ ಮೇಲೆ. ಆ ಕುರ್ಚಿ ಈಗ ಸಾಲಿಯಲ್ಲಿದೆ. ಚಕ್ರ ಇರೋದರಿಂದ ಒಂದನೇತ್ತದ ಹುಡುಗರು ಅದನ್ನ ತಳ್ಳ್ಯಾಡಿ ತಳ್ಳ್ಯಾಡಿ ಒಂದು ಗಾಲಿ ಮುರಿದಿದ್ದಾರೆ ಅಂತ ಮಾಸ್ತರು ಹೇಳ್ತಿದ್ದರು.

2024ರ ಆಗಸ್ಟಿನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ತುಂಡಾದಾಗ ಲೀಡರ್ ಹೊಳೆಯ ವಿಡಿಯೋ ಕಳಿಸಿದ್ದಳು. ಮಡುವಿನಂಥ ಕೆಂಪು ನೀರು, ಹಿಂದೆ ಅವಳ ತಮ್ಮನ ಕೂಗಾಟ. ಡ್ಯಾಮಿನ ನೀರೆಲ್ಲ ಹರಿದು ಹೋದರೆ ಎರಡನೇ ಬೆಳೆಗೆ ಏನು ಗತಿ, ಕೂಲಿಗೆ ಏನು ಗತಿ ಅಂತ ಊರೆಲ್ಲ ಎದೆ ಹಿಡ್ಕೊಂಡು ಕೂತಿತ್ತು. ವಾರದಲ್ಲಿ ಹರಿಯೋ ನೀರಿನಲ್ಲೇ ತಾತ್ಕಾಲಿಕ ಗೇಟು ಕೂಡಿಸಿದರು, ಜೀವ ಬಂತು.

ಹೋದ ವಾರ ಮತ್ತೆ ಫೋನ್ ಮಾಡಿದಳು. ಪಿಯುಸಿ ಸೈನ್ಸ್ ತಗೊಂಡಿದ್ದಾಳೆ. ದಸರೆ ರಜೆ ಬಂದಿದೆ ಅಂದಳು. ಹಬ್ಬಕ್ಕೆ ಊರಲ್ಲಿ ಇರ್ತೀಯಾ ಅಂತ ಕೇಳಿದೆ.

"ಇಲ್ರಿ ಅಣ್ಣಾರ, ಕ್ರಾಸಿಂಗಿಗೆ ಹೊಂಟೀನಿ, ರಜಾ ಮುಗಿಯೂತನ. ಅವ್ವ ತಮ್ಮನ್ನ ಕಳಸ್ತೀನಿ ಅಂದ್ಲು. ಅವ ಈಗ ಆರನೇತ್ತ. ನಾ ಹೋಗ್ತೀನಿ, ಅವ ಬ್ಯಾಡ ಅಂದೆ. ನಂಗೀಗ ಹದಿನಾರು ತುಂಬೈತಿ, ಯಾರೂ ಏನೂ ಕೇಳೂದಿಲ್ಲ."

ನನಗೆ ಏನೂ ಹೇಳೋಕೆ ಬರಲಿಲ್ಲ. ಅವಳೇ ಮುಂದುವರಿಸಿದಳು. "ಹುಣ್ಣಿಮೀಗೆ ಬರ್ತೀರಲ್ರಿ? ಬರೂಮುಂದ ಫಸ್ಟ್ ಪಿಯುಸಿ ಗಣಿತದ ಹಳೇ ಪುಸ್ತಕ ಸಿಕ್ರ ತರ್ರಿ. ಕನ್ನಡದಾಗ ವಿವರಣಾ ಇದ್ದದ್ದು. ಇಂಗ್ಲಿಷ್ ಒಂದೂ ತಿಳಿವಲ್ದು."

ಶನಿವಾರ ಅವೆನ್ಯೂ ರೋಡಿಗೆ ಹೋಗಬೇಕು. ಕನ್ನಡ ವಿವರಣೆ ಇರೋ ಪಿಯುಸಿ ಗಣಿತದ ಪುಸ್ತಕ ಯಾವ ಅಂಗಡಿಯಲ್ಲಿ ಸಿಗ್ತದೆ ಅಂತ ನಿಮಗೆ ಗೊತ್ತಿದ್ದರೆ ತಿಳಿಸಿ. ಹುಣ್ಣಿಮೆಗೆ ಇನ್ನು ಎಂಟೇ ದಿನ ಇದೆ.